ಸೈಕಲ್ಲಿನಿಂದ ಹಿಮದ ಹಲಗೆಗೆ



ಸಿದ್ದಾಪುರದಿಂದ ಕುಮಟೆಯ ಕಡೆಗೆ ಇಳಿಯುವ ದೊಡ್ಮನೆ ಘಟ್ಟದಲ್ಲಿ, ಶಿರಸಿಯಿಂದ ಇಳಿಯುವ ದೇವಿಮನೆ ಘಟ್ಟದಲ್ಲಿ, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟದಲ್ಲಿ ಒಮ್ಮೆಯಾದರೂ ಸೈಕಲ್ಲು ಹೊಡೆದವರಿಗೆ ನಾನು ಇಂದು ಹೇಳುವ ಮಾತು ಬಲು ಸುಲಭವಾಗಿ ತಿಳಿಯುತ್ತದೆ. ಹೊಡೆಯದವರಿಗೆ ಸ್ವಲ್ಪ ವಿವರಿಸಬೇಕಾದೀತು. ನಮ್ಮ ಈ ಮೂರು ತಾಲೂಕುಗಳಲ್ಲಿ ಸಮತಟ್ಟಾದ ರಸ್ತೆ ಎಂಬುದೇ ಅಪರೂಪ. ಒಂದು ಏರು ಮುಗಿಯಿತು ಎನ್ನುವಷ್ಟರಲ್ಲಿ ಇಳಿಜಾರು. ಇಳಿಜಾರಿನ ಕೊನೆಗೊಂದು ಹಳ್ಳ. ಹಳ್ಳದ ಆಚೆಗೆ ಮತ್ತೆ ಏರು. ಇಲ್ಲಿ ಸೈಕಲ್ಲು ಹೊಡೆಯುವವನು ಅರ್ಧ ದಾರಿ ಸೈಕಲ್ಲಿನ ಮೇಲಿರುತ್ತಾನೆ, ಇನ್ನರ್ಧ ದಾರಿ ಸೈಕಲ್ಲೇ ಅವನ ಮೇಲಿರುತ್ತದೆ ಎಂದು ನಮ್ಮ ಶಾಲೆಯ ಹಿರಿಯ ಮಾಸ್ತರೊಬ್ಬರು ಹೇಳುತ್ತಿದ್ದರು.

ನಾನು ಸಿದ್ದಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷ ಡ್ರಿಲ್ ಮಾಸ್ತರನಾಗಿದ್ದವನು. ಈಗ ನಿವೃತ್ತ. ಆಟದ ವಿಷಯವಾಗಿ ಏನಾದರೂ ಮಾತಾಡಿ ಎಂದು ಆಕಾಶವಾಣಿಯವರು ಕೇಳಿದಾಗ ಕಬಡ್ಡಿಯ ಬಗ್ಗೆಯೋ ವಾಲಿಬಾಲಿನ ಬಗ್ಗೆಯೋ ನಾನು ಮಾತಾಡುತ್ತೇನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡದ್ದು ಬ್ರೆಜಿಲ್ ದೇಶದ ಒಬ್ಬ ಹೆಂಗಸಿನ ಕತೆಯನ್ನು. ಯಾಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಆಕೆಯ ಹೆಸರು ಜಾಕೆಲಿನ್ ಮೊರಾವ್. ಹುಟ್ಟಿದ್ದು 1975ರ ಡಿಸೆಂಬರ್ 23ರಂದು, ಬೆಲೊ ಹೊರಿಜೊಂತೆ ಎಂಬ ನಗರದಲ್ಲಿ. ಆ ಹೆಸರಿಗೆ ಅವರ ಭಾಷೆಯಲ್ಲಿ ‘ಚೆಲುವಾದ ದಿಗಂತ’ ಎಂದು ಅರ್ಥವಂತೆ. ಊರಿನ ಸುತ್ತ ಗುಡ್ಡಗಳು, ಗುಡ್ಡಗಳಲ್ಲಿ ಕಬ್ಬಿಣದ ಅದಿರು, ಕೆಂಪು ಮಣ್ಣು. ನಮ್ಮ ಹಾಗೆಯೇ ಉಷ್ಣವಲಯದ ನಾಡು. ಹಿಮ ಎಂಬುದನ್ನು ಅಲ್ಲಿಯ ಮಕ್ಕಳು ನಮ್ಮ ಮಕ್ಕಳಂತೆ ಚಿತ್ರದಲ್ಲಿ ನೋಡಬೇಕು. ಅಂಥ ಊರಿನ ಹುಡುಗಿ ಗುಡ್ಡದ ಕಾಲುದಾರಿಗಳಲ್ಲಿ ಸೈಕಲ್ಲು ಹೊಡೆಯಲು ಕಲಿತಳು. ತನ್ನ ದೇಶದ ಗುಡ್ಡಗಾಡು ಸೈಕಲ್ ಸ್ಪರ್ಧೆಯ ಪಟ್ಟವನ್ನು ಹಲವು ಬಾರಿ ಗೆದ್ದಳು.

ಗುಡ್ಡಗಾಡು ಸೈಕಲ್ ಸ್ಪರ್ಧೆಗೆ ಡಾಂಬರು ಹಾಕಿದ ರಸ್ತೆ ಇರುವುದಿಲ್ಲ. ಕಲ್ಲು, ಬೇರು, ಕೆಸರು, ಕಡಿದಾದ ಇಳಿಜಾರು, ಅದರ ಬೆನ್ನಿಗೇ ಏರು. ಸೋಂದೆಯಿಂದ ಸಹಸ್ರಲಿಂಗದ ಹೊಳೆದಂಡೆಗೆ ಕಾಡಿನೊಳಗಿಂದಲೇ ಸೈಕಲ್ಲಿನಲ್ಲಿ ಇಳಿದು, ನೀರು ಕುಡಿಯದೆ ಮತ್ತೆ ಮೇಲೆ ಹತ್ತಿ, ಅದನ್ನೇ ಐದಾರು ಸಲ ಮಾಡಬೇಕೆಂದು ಎಣಿಸಿಕೊಳ್ಳಿ. ಒಂದು ಗಂಟೆಗೂ ಮೀರಿದ ಓಟ. ಒಲಿಂಪಿಕ್ ಕೂಟಕ್ಕೆ ಈ ಸ್ಪರ್ಧೆ ಸೇರಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ. ಇದೊಂದು ಒಳ್ಳೆಯ ಮಾತು. ರಸ್ತೆಯ ಮೇಲಿನ ಸೈಕಲ್ ಪಂದ್ಯದಲ್ಲಿ ಹಾಗಾಗಿರಲಿಲ್ಲ. 1896ರಲ್ಲಿ ಅಥೆನ್ಸಿನಲ್ಲಿ ಗಂಡಸರು ಓಡಿಸಿದ ಪಂದ್ಯವನ್ನು ಹೆಂಗಸರು ಓಡಿಸಲು 1984ರ ಲಾಸ್ ಏಂಜಲಿಸ್ ಕೂಟದವರೆಗೆ ಕಾಯಬೇಕಾಯಿತು.

ಜಾಕೆಲಿನ್ 2004ರಲ್ಲಿ ಅಥೆನ್ಸಿಗೆ ಹೋದಳು. ಆಗ ವಯಸ್ಸು 28. ಈ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಕೆಗೆ ಸಿಕ್ಕಿದ್ದು 18ನೆಯ ಸ್ಥಾನ. ಅಂದು ಚಿನ್ನ ಗೆದ್ದವಳು ನಾರ್ವೆ ದೇಶದ ಗುನ್-ರೀಟಾ ಡಾಲೆ. ಹಿಮದ ನಾಡಿನವಳು ಬಿಸಿಲ ಬೇಗೆಯ ಗ್ರೀಸಿನಲ್ಲಿ ಸೈಕಲ್ಲು ಹೊಡೆದು ಗೆದ್ದಳು. ಬಿಸಿಲ ನಾಡಿನ ಜಾಕೆಲಿನ್ ಇದರ ತಿರುಗುಮುರುಗನ್ನು ಮಾಡಹೊರಟಳು. ಆಕೆ ಕೈಹಿಡಿದದ್ದು ಕೆನಡಾ ದೇಶದ ಗೀಡೊ ವಿಸರ್ ಎಂಬವನನ್ನು. ಆತ 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸಿನಲ್ಲಿ ಸ್ಕೀ ಓಟದಲ್ಲಿ ಭಾಗವಹಿಸಿದ್ದವನು. ಸಂಸಾರ ಹೂಡಿದ್ದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ. ಅಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಹಿಮ ಬಿದ್ದಾಗ ಸೈಕಲ್ಲು ಮೂಲೆ ಸೇರಬೇಕು. ಮೂಲೆ ಸೇರಲು ಒಪ್ಪದವಳು ಹಲಗೆ ಕಟ್ಟಿಕೊಂಡಳು.

ಈ ಹಲಗೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮಕ್ಕಳು ಅಡಿಕೆಯ ಹಾಳೆಯ ಮೇಲೆ ಕುಳಿತು ದರೆಯಿಂದ ಜಾರುತ್ತಾರಲ್ಲ, ಸ್ಕೀ ಎಂದರೆ ಹೆಚ್ಚಿನವರು ಅಂಥದ್ದೇ ಎಂದು ತಿಳಿದಿದ್ದಾರೆ. ಬೆಟ್ಟದ ತುದಿಯಿಂದ ಕೆಳಕ್ಕೆ ಜಾರುವ ಆಟವೂ ಉಂಟು; ಅದು ಬೇರೆ. ನಾನು ಹೇಳುತ್ತಿರುವುದು ಊರಿಂದೂರಿಗೆ ಹೋಗುವ ಸ್ಕೀ, ಕ್ರಾಸ್ ಕಂಟ್ರಿ ಸ್ಕೀ. ಇಲ್ಲಿ ಏರನ್ನೂ ಹತ್ತಬೇಕು, ಬಯಲನ್ನೂ ದಾಟಬೇಕು, ಇಳಿಜಾರನ್ನೂ ಇಳಿಯಬೇಕು. ಸ್ಪರ್ಧೆಯ ದಾರಿಯನ್ನು ರಚಿಸುವಾಗ ಸುಮಾರು ಮೂರರಲ್ಲೊಂದು ಪಾಲು ಏರು, ಮೂರರಲ್ಲೊಂದು ಪಾಲು ಇಳಿತ, ಉಳಿದದ್ದು ಉಬ್ಬುತಗ್ಗು ಇರಬೇಕೆಂಬುದು ರೂಢಿ. ನಮ್ಮ ಶಿರಸಿ-ಸಿದ್ದಾಪುರದ ರಸ್ತೆಯನ್ನು ನೋಡಿಯೇ ಬರೆದಂತಿದೆ!

ಹಲಗೆ ಆಳುದ್ದಕ್ಕಿಂತ ತುಸು ಹೆಚ್ಚು ಉದ್ದ, ಅಗಲ ನಾಲ್ಕು ಬೆರಳಿಗಿಂತ ಕಡಿಮೆ. ಬೂಟಿನ ಮುಂದುಗಡೆ ಮಾತ್ರ ಹಲಗೆಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಬಿಡುಗಡೆಯಾಗಿ ಮೇಲೇಳುತ್ತದೆ. ಎರಡೂ ಕೈಗಳಲ್ಲಿ ಒಂದೊಂದು ಕೋಲು. ಹಾಗಾದರೆ ಜಾರುವ ಹಲಗೆ ಏರು ಹತ್ತುವುದು ಹೇಗೆ? ಇದರಲ್ಲೊಂದು ಜಾಣತನವಿದೆ. ಹಲಗೆ ನೇರವಾಗಿರುವುದಿಲ್ಲ, ಬಿಲ್ಲಿನಂತೆ ನಡುವೆ ಕೊಂಚ ಮೇಲಕ್ಕೆ ಬಾಗಿರುತ್ತದೆ. ಎರಡೂ ಕಾಲಿನ ಮೇಲೆ ಸಮನಾಗಿ ನಿಂತಾಗ ಹಲಗೆಯ ಹಿಂದುಮುಂದು ಮಾತ್ರ ಹಿಮವನ್ನು ಮುಟ್ಟುತ್ತದೆ, ಆದ್ದರಿಂದ ಜಾರುತ್ತದೆ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಊರಿ ಒದ್ದಾಗ ನಡುಭಾಗ ಹಿಮಕ್ಕೆ ಅಂಟುತ್ತದೆ. ಅಲ್ಲಿ ಒಂದು ಬಗೆಯ ಮೇಣ ಬಳಿದಿರುತ್ತಾರೆ. ಅದು ಹಿಮವನ್ನು ಕಚ್ಚಿ ಹಿಡಿಯುತ್ತದೆ. ಒದೆ, ಜಾರು, ಒದೆ, ಜಾರು. ಅಂದಿನ ಹಿಮದ ಚಳಿಗೆ ತಕ್ಕ ಮೇಣ ಬಳಿಯದಿದ್ದರೆ ಒದ್ದ ಕಾಲು ಹಿಂದಕ್ಕೇ ಹೋಗುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ ದಾಟುವವರ ಪಾಡು. ಎಂಬತ್ತರ ದಶಕದಿಂದ ಇನ್ನೊಂದು ಶೈಲಿಯೂ ಬಳಕೆಗೆ ಬಂದಿದೆ. ಅದರಲ್ಲಿ ಹಲಗೆಗಳನ್ನು ಓರೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳುತ್ತ ಹೋಗುತ್ತಾರೆ.

ಸೈಕಲ್ಲು ಹೊಡೆಯುವವರಿಗೂ ಈ ಆಟಕ್ಕೂ ನೆಂಟಸ್ತಿಕೆ ಇರುವುದು ಎಲ್ಲಿ? ಉಸಿರಿನಲ್ಲಿ. ಎರಡರಲ್ಲಿಯೂ ಅರ್ಧ ಗಂಟೆ, ಒಂದು ಗಂಟೆ, ಅದಕ್ಕೂ ಹೆಚ್ಚು ಹೊತ್ತು ಎದೆ ಏದುತ್ತಲೇ ಇರಬೇಕು. ಏರಿನಲ್ಲಿ ತೊಡೆ ಉರಿಯುವಾಗ ಲಯ ತಪ್ಪಬಾರದು. ಇಳಿಜಾರಿನ ತಿರುವಿನಲ್ಲಿ ಹೆದರಬಾರದು. ಇಷ್ಟನ್ನು ಸೈಕಲ್ಲು ಕಲಿಸಿ ಕಳುಹಿಸುತ್ತದೆ. ಕಲಿಸದೆ ಬಿಡುವುದು ತೋಳಿನ ಕೆಲಸವನ್ನು. ಕೋಲು ಊರಿ ಮೈಯನ್ನೇ ಮುಂದಕ್ಕೆ ಎಳೆದುಕೊಳ್ಳಲು ತೋಳು, ಬೆನ್ನು, ಹೊಟ್ಟೆ ಮೂರೂ ಬೇಕು. ನಮ್ಮ ಕೊನೆಗೌಡರು ಅಡಿಕೆ ಮರದಿಂದ ಮರಕ್ಕೆ ಬಾಗಿ ದಾಟುವುದನ್ನು ಕಂಡವರಿಗೆ ಅದು ಎಂಥ ಶಕ್ತಿಯೆಂದು ಹೇಳಬೇಕಾಗಿಲ್ಲ. ಮೂವತ್ತರ ಹತ್ತಿರ ಬಂದ ಹೆಂಗಸು, ಗಟ್ಟಿ ಕಾಲು, ಹದವಿಲ್ಲದ ತೋಳು, ಕಾಲಿಗೆ ಕಟ್ಟಿದ ಹೊಸ ಹಲಗೆ; ಸುತ್ತಲೂ ನಡೆಯಲು ಕಲಿಯುವಾಗಲೇ ಹಿಮದ ಮೇಲೆ ನಿಂತವರು. ಎಷ್ಟು ಸಲ ಬಿದ್ದಳೋ ಲೆಕ್ಕವಿಟ್ಟವರಿಲ್ಲ.

ಅಥೆನ್ಸಿನ ಕೂಟ ಮುಗಿದು ಎರಡು ವರ್ಷ ತುಂಬುವ ಮೊದಲೇ, 2006ರ ಫೆಬ್ರುವರಿಯಲ್ಲಿ, ಇಟಲಿಯ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಜಾಕೆಲಿನ್ 10 ಕಿಲೋಮೀಟರಿನ ಸ್ಕೀ ಓಟದ ಗೆರೆಯ ಮೇಲೆ ನಿಂತಿದ್ದಳು. ಬೇಸಿಗೆಯ ಕೂಟದಲ್ಲಿಯೂ ಚಳಿಗಾಲದ ಕೂಟದಲ್ಲಿಯೂ ಸ್ಪರ್ಧಿಸಿದ ಮೊದಲ ಬ್ರೆಜಿಲ್ ಮಹಿಳೆ ಆಕೆಯೇ. ಬಂದ ಸ್ಥಾನ 67ನೆಯದು. ಮೇಲಿನಿಂದ ಎಣಿಸುವುದಕ್ಕಿಂತ ಕೆಳಗಿನಿಂದ ಎಣಿಸಿದರೆ ಬೇಗ ಸಿಗುವ ಸ್ಥಾನ. ಇಂಥ ಸ್ಥಾನವನ್ನು ಕೇಳಿ ನಗುವವರಿದ್ದಾರೆ. ನಾನು ಎಷ್ಟೋ ವರ್ಷ ತಾಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಗಡಿಯಾರ ಹಿಡಿದು ನಿಂತವನು. ಕೊನೆಯವರಾಗಿ ಬಂದೂ ಓಟ ಮುಗಿಸಿದ ಹುಡುಗರ ಮುಖ ನನಗೆ ಗೆದ್ದವರ ಮುಖಕ್ಕಿಂತ ಚೆನ್ನಾಗಿ ನೆನಪಿದೆ.

ಇಲ್ಲಿ ಒಂದು ಹಳೆಯ ಕತೆಯನ್ನು ನಡುವೆ ಹೇಳಿಬಿಡುತ್ತೇನೆ. ಸ್ವೀಡನ್ ದೇಶದಲ್ಲಿ ಸೇಲೆನ್ ಎಂಬಲ್ಲಿಂದ ಮೂರಾ ಎಂಬ ಊರಿಗೆ 90 ಕಿಲೋಮೀಟರು ಸ್ಕೀ ಮೇಲೆ ಹೋಗುವ ವಾಸಾಲೊಪೆಟ್ ಎಂಬ ಪ್ರಸಿದ್ಧ ಓಟವಿದೆ, 1922ರಲ್ಲಿ ಸುರುವಾದದ್ದು. ಮರುವರ್ಷ, 1923ರಲ್ಲಿ, ಮಾರ್ಗಿಟ್ ನೂರ್ಡಿನ್ ಎಂಬ ಹೆಂಗಸು ಅದನ್ನು ಪೂರೈಸಿದಳು. ಆಕೆ ನನ್ನ ವೃತ್ತಿಯವಳೇ, ಅಂಗಸಾಧನೆಯ ಶಿಕ್ಷಕಿ. ಇನ್ನು ಇದು ಹೆಂಗಸರಿಗೆ ಆಗುವ ಓಟವೆಂದು ಲೋಕ ಒಪ್ಪಬೇಕಿತ್ತಲ್ಲವೇ? 1924ರಲ್ಲಿ ಹೆಂಗಸರು ಭಾಗವಹಿಸಕೂಡದೆಂದು ಕಟ್ಟಳೆಯಾಯಿತು. ಮತ್ತೆ ಬಾಗಿಲು ತೆರೆದದ್ದು 1981ರಲ್ಲಿ. ಒಲಿಂಪಿಕ್ಸಿನಲ್ಲಿಯೂ ಗಂಡಸರ ಸ್ಕೀ ಓಟ 1924ರಲ್ಲಿ ಶಾಮೊನಿಯಲ್ಲಿ ಆರಂಭವಾದರೆ, ಹೆಂಗಸರದು 1952ರಲ್ಲಿ ಓಸ್ಲೊದಲ್ಲಿ. ಅಂದು ಗೆದ್ದವಳು ಫಿನ್‌ಲೆಂಡಿನ ಲಿಡಿಯಾ ವಿಡೆಮನ್. ಹೆಂಗಸರ ದೇಹಕ್ಕೆ ಇದು ತಾಳದು ಎಂಬ ಮಾತನ್ನು ಹೇಳಿದವರು ದೂರದ ದೇಶದವರೆಂದು ನಾವು ಹಗುರವಾಗಿ ಮಾತಾಡಬಾರದು. ನಮ್ಮ ಕಡೆ ಹೆಡಿಗೆ ತುಂಬ ಸೊಪ್ಪು ಹೊತ್ತು ಬೆಟ್ಟ ಇಳಿಯುವ ಹೆಂಗಸಿನ ದೇಹಕ್ಕೆ ಎಲ್ಲವೂ ತಾಳುತ್ತದೆ. ಆಕೆಯ ಮಗಳು ಮೈದಾನದಲ್ಲಿ ಓಡಿದರೆ ಮಾತ್ರ ತಾಳುವುದಿಲ್ಲ.

ಇರಲಿ. ಜಾಕೆಲಿನ್ 2008ರಲ್ಲಿ ಬೀಜಿಂಗಿನ ಬೇಸಿಗೆ ಕೂಟದಲ್ಲಿ ಮತ್ತೆ ಸೈಕಲ್ಲೇರಿದಳು, 19ನೆಯವಳಾದಳು. 2010ರಲ್ಲಿ ವ್ಯಾಂಕೂವರಿನಲ್ಲಿ ಮತ್ತೆ ಸ್ಕೀ. 2014ರಲ್ಲಿ ರಷ್ಯಾದ ಸೋಚಿಯಲ್ಲಿ ಬ್ರೆಜಿಲ್ಲಿನ ಧ್ವಜ ಹಿಡಿದು ನಡೆದವಳು ಈಕೆ. ಆ ಕೂಟದಲ್ಲಿ ಸ್ಕೀ ಓಟದ ಜತೆಗೆ ಬಯಾಥ್ಲಾನ್ ಎಂಬುದನ್ನೂ ಕೈಗೆತ್ತಿಕೊಂಡಿದ್ದಳು. ಮೂರೂವರೆ ಕಿಲೋ ತೂಕದ ಬಂದೂಕನ್ನು ಬೆನ್ನಿಗೆ ಕಟ್ಟಿಕೊಂಡು ಸ್ಕೀಯಲ್ಲಿ ಓಡಬೇಕು. ನಡುವೆ ನಿಂತು 50 ಮೀಟರ್ ದೂರದ ಐದು ಗುರಿಗಳಿಗೆ ಗುಂಡು ಹೊಡೆಯಬೇಕು, ಒಮ್ಮೆ ಮಲಗಿ, ಒಮ್ಮೆ ನಿಂತು. ಮಲಗಿ ಹೊಡೆಯುವ ಗುರಿಯ ಅಗಲ 45 ಮಿಲಿಮೀಟರು; ಒಂದು ಸಣ್ಣ ನಿಂಬೆಹಣ್ಣಿನಷ್ಟು. ಒಂದು ಗುರಿ ತಪ್ಪಿದರೆ ದಂಡವಾಗಿ 150 ಮೀಟರಿನ ಒಂದು ಸುತ್ತು ಹೆಚ್ಚಿಗೆ. ಎದೆ ಡವಗುಡುವಾಗ ಕೈ ನಡುಗದಂತೆ ಉಸಿರನ್ನು ಹಿಡಿಯುವುದೇ ಅದರ ಮರ್ಮ. ಆ ಹೊತ್ತಿಗೆ ಆಕೆ ತಾಯಿಯೂ ಆಗಿದ್ದಳು.

2018ರ ಪ್ಯಾಂಗ್‌ಚಾಂಗ್ ಕೂಟಕ್ಕೂ ಹೋದಳು. 2019ರಲ್ಲಿ ಪೆರು ದೇಶದ ಲೀಮಾ ನಗರದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಗುಡ್ಡಗಾಡು ಸೈಕಲ್ ಸ್ಪರ್ಧೆಯ ಕಂಚಿನ ಪದಕ ಗೆದ್ದಳು. ವಯಸ್ಸು 43. ಮುಂದೆ ಕೊರೋನಾದಿಂದ ಒಂದು ವರ್ಷ ಮುಂದೆ ಹೋದ ಟೋಕಿಯೋ ಒಲಿಂಪಿಕ್ಸ್ 2021ರ ಜುಲೈಯಲ್ಲಿ ನಡೆಯಿತು. ಅಲ್ಲಿ ಸೈಕಲ್ಲಿನಲ್ಲಿ 35ನೆಯವಳಾದಳು. ಅಲ್ಲಿಂದ ಏಳನೆಯ ತಿಂಗಳಿಗೆ, 2022ರ ಫೆಬ್ರುವರಿಯಲ್ಲಿ, ಬೀಜಿಂಗ್ ಚಳಿಗಾಲದ ಕೂಟ. ಹದಿನಾಲ್ಕು ವರ್ಷದ ಹಿಂದೆ ಸೈಕಲ್ಲು ಹೊಡೆದ ಅದೇ ಬೀಜಿಂಗಿಗೆ ಈಗ ಹಲಗೆ ಹಿಡಿದು ಬಂದಳು. ಅದು ಆಕೆಯ ಎಂಟನೆಯ ಒಲಿಂಪಿಕ್ ಕೂಟ. ಅಷ್ಟು ಕೂಟಗಳಲ್ಲಿ ಭಾಗವಹಿಸಿದ ಬ್ರೆಜಿಲ್ಲಿನವರು ಅದುವರೆಗೆ, ಗಂಡಸಾಗಲಿ ಹೆಂಗಸಾಗಲಿ, ಮತ್ತೊಬ್ಬರಿರಲಿಲ್ಲ. ಒಂದೂ ಒಲಿಂಪಿಕ್ ಪದಕವಿಲ್ಲ, ಅದೂ ನಿಜ. ಫುಟ್‌ಬಾಲಿನ ಹುಚ್ಚು ಹಿಡಿದ ದೇಶದಲ್ಲಿ ಈಕೆಯ ಹೆಸರು ಎಷ್ಟು ಮನೆಗಳಿಗೆ ತಲುಪಿತೋ ನಾನರಿಯೆ.

ಹಿಮವಿಲ್ಲದ ದೇಶದವರು ಹಿಮದ ಆಟವನ್ನು ಅಭ್ಯಾಸ ಮಾಡುವುದೆಲ್ಲಿ ಎಂದು ನೀವು ಕೇಳಬಹುದು. ಅದಕ್ಕೂ ಉಪಾಯವಿದೆ. ಮೊಳ, ಒಂದೂವರೆ ಮೊಳ ಉದ್ದದ ಪಟ್ಟಿಗೆ ಹಿಂದೊಂದು ಮುಂದೊಂದು ಗಾಲಿ ಜೋಡಿಸಿ, ಅದಕ್ಕೆ ಸ್ಕೀ ಬೂಟನ್ನು ಸಿಕ್ಕಿಸಿ, ಡಾಂಬರು ರಸ್ತೆಯ ಮೇಲೆ ಕೋಲು ಊರುತ್ತ ಹೋಗುವುದು. ಇದಕ್ಕೆ ರೋಲರ್ ಸ್ಕೀ ಎನ್ನುತ್ತಾರೆ. ಬ್ರೆಜಿಲ್ಲಿನಲ್ಲಿ ಇದರದೇ ಸ್ಪರ್ಧೆಗಳು ನಡೆಯುತ್ತವೆ. ಬಿದ್ದರೆ ಹಿಮದ ಮೆತ್ತೆ ಇಲ್ಲ, ಮೊಣಕಾಲು ಸುಲಿಯುತ್ತದೆ. ನಾರ್ವೆ, ಸ್ವೀಡನ್ನಿನವರೂ ಬೇಸಿಗೆಯಲ್ಲಿ ಇದನ್ನೇ ಮಾಡುತ್ತಾರೆ.

ಇದೆಲ್ಲ ಹೊರದೇಶದ ಮಾತಾಯಿತು, ನಮ್ಮಲ್ಲಿ ಯಾರಿದ್ದಾರೆ ಎಂದರೆ, ಇದ್ದಾರೆ. ಕೊಡಗಿನ ನಾಪೋಕ್ಲಿನ ಕಡೆಯ ತೆಕ್ಕಡ ಭವಾನಿ ನಂಜುಂಡ. ಕಾಫಿ ಬೆಳೆಯುವ ಮನೆಯವರು. ಎನ್.ಸಿ.ಸಿ.ಯಿಂದ ಪರ್ವತಾರೋಹಣಕ್ಕೆ, ಪರ್ವತಾರೋಹಣದಿಂದ ಸ್ಕೀಗೆ ಬಂದವರು. ಕಾಶ್ಮೀರದ ಗುಲ್ಮಾರ್ಗಿನಲ್ಲಿ 2020ರಿಂದ ನಡೆದುಬಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕದ ಹೆಸರಿನಲ್ಲಿ ಕ್ರಾಸ್ ಕಂಟ್ರಿ ಸ್ಕೀ ಓಟದ ಚಿನ್ನದ ಪದಕಗಳನ್ನು ಗೆದ್ದರು. 2025ರಲ್ಲಿ, ನಮಗೆ ಮಳೆಗಾಲವಾಗಿರುವಾಗ ಚಳಿಗಾಲವಿರುವ ದಕ್ಷಿಣ ಗೋಳಾರ್ಧದ ಚಿಲಿ ದೇಶಕ್ಕೆ ಹೋಗಿ, ಕೊರಾಲ್ಕೊ ಎಂಬಲ್ಲಿ ಒಂದು ಜ್ವಾಲಾಮುಖಿ ಬೆಟ್ಟದ ಮಗ್ಗುಲಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿಲೋಮೀಟರ್ ಓಟದ ಕಂಚನ್ನು ತಂದರು. ಹಿಮದ ನಾಡುಗಳ ಮಾತಿರಲಿ, ಹಿಮಾಲಯದ ತಪ್ಪಲಿನ ರಾಜ್ಯಗಳಿಗೂ ದೂರವಾದ ಕೊಡಗಿನ ಹುಡುಗಿ! ಕಾವೇರಿಯ ನಾಡಿನಲ್ಲಿ ಬೀಳುವುದು ಮಳೆ ಮಾತ್ರ.

ಸೈಕಲ್ಲಿನ ಮಾತಿಗೆ ಬಂದರೆ ವಿಜಯಪುರ, ಬಾಗಲಕೋಟೆಗಳ ಸೀಮೆಗೆ ಕೈಮುಗಿಯಬೇಕು. ಅಲ್ಲಿಯ ಒಕ್ಕಲುತನದ ಮನೆಗಳ ಹುಡುಗಿಯರು ವಿಜಯಪುರದ ಕ್ರೀಡಾ ನಿಲಯದಲ್ಲಿ, ಚಂದರಗಿಯ ಕ್ರೀಡಾ ಶಾಲೆಯಲ್ಲಿ ಪಳಗಿ ರಾಷ್ಟ್ರೀಯ ಸೈಕಲ್ ಸ್ಪರ್ಧೆಗಳಿಂದ ಪದಕಗಳನ್ನು ತಂದಿದ್ದಾರೆ. ಅಲ್ಲಿ ಗಾಳಿಗೆ ಎದುರಾಗಿ ಹೊಡೆಯುವ ನೇರ ರಸ್ತೆ, ನಮ್ಮಲ್ಲಿ ಏರು.

ನಮ್ಮ ಯಲ್ಲಾಪುರದ ಕಡೆಗೂ ಒಮ್ಮೆ ಹೊರಗಿನ ಕಣ್ಣು ಬಿದ್ದಿತ್ತು. 1987ರಲ್ಲಿ, ಮಾರ್ಗರೆಟ್ ಆಳ್ವರು ಕೇಂದ್ರದಲ್ಲಿ ಕ್ರೀಡಾ ಖಾತೆಯನ್ನು ನೋಡಿಕೊಳ್ಳುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರದವರು ವಿಶೇಷ ಪ್ರದೇಶ ಯೋಜನೆಯೊಂದನ್ನು ಹೂಡಿ ನಮ್ಮ ಕಾಡುಗಳ ಸಿದ್ದಿ ಜನರ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಆ ಮಕ್ಕಳಲ್ಲಿ ಕಮಲಾ ಮಿಂಗೇಲ್ ಸಿದ್ದಿಯಂಥವರು ಓಟ, ಜಿಗಿತಗಳಲ್ಲಿ ದೇಶದ ಮಟ್ಟದ ಪದಕಗಳನ್ನು ಗೆದ್ದರು. 1993ರಲ್ಲಿ ಆ ಯೋಜನೆ ನಿಂತಿತು. ಹದಿನಾರು-ಹದಿನೇಳರ ಮಕ್ಕಳು ಓಟದ ಬೂಟುಗಳನ್ನು ಕಟ್ಟಿಕೊಂಡು ಹಳ್ಳಿಗಳಿಗೆ ಮರಳಿದರು. ಪದಕಗಳ ಪಟ್ಟಿಯಲ್ಲಿ ಇದು ಬರುವುದಿಲ್ಲ.

ಇನ್ನು ನಾನು ಮೊದಲಿಗೆ ಕೊಟ್ಟ ಮಾತಿಗೆ ಬರುತ್ತೇನೆ.

2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ಇಯತ್ತೆಯ ಹುಡುಗಿಯರಿಗೆ ಸೈಕಲ್ಲು ಹಂಚಲು ಆರಂಭಿಸಿತು. ಮುಂದೆ ಹುಡುಗರಿಗೂ ಕೊಟ್ಟರು. ಕೊರೋನಾ ಬಂದ ಮೇಲೆ ಅದು ನಿಂತುಹೋಯಿತು. ಎರಡನೆಯ ವರ್ಷದ ಹಂಚಿಕೆಯಲ್ಲಿ ನಮ್ಮ ಶಾಲೆಯ ಒಬ್ಬ ಹುಡುಗಿಗೆ ಒಂದು ಸೈಕಲ್ಲು ಸಿಕ್ಕಿತು. ಹೆಸರು ಹೇಳುವುದಿಲ್ಲ. ತಂದೆಗೆ ಹತ್ತು ಗುಂಟೆಯ ಅಡಿಕೆ ತೋಟ, ಎರಡು ಎಮ್ಮೆ. ಮನೆಯಿಂದ ಶಾಲೆಗೆ ಒಂಬತ್ತು ಕಿಲೋಮೀಟರು. ಹ್ಯಾಂಡಲಿಗೆ ಹಾಲಿನ ಕ್ಯಾನು ತೂಗುಹಾಕಿ, ನಡುದಾರಿಯಲ್ಲಿ ಡೇರಿಗೆ ಹಾಲು ಹಾಕಿ, ಮೊದಲ ಗಂಟೆಗೆ ಸರಿಯಾಗಿ ಬರುತ್ತಿದ್ದಳು. ನನ್ನದು ಆಗ ಒಂದು ಹಳೆಯ ಮೊಪೆಡ್ಡು. ಶಾಲೆಗೆ ಸಮೀಪದ ಏರಿನಲ್ಲಿ ಅದು ನನ್ನನ್ನು ಹೊತ್ತು ಏದುತ್ತಿದ್ದಾಗ ಈ ಹುಡುಗಿ ಗೇರಿಲ್ಲದ ಆ ಭಾರದ ಸೈಕಲ್ಲಿನಲ್ಲಿ, ಕೂತಲ್ಲಿಂದ ಏಳದೆ, ನನ್ನ ಪಕ್ಕದಲ್ಲೇ ಬರುತ್ತಿದ್ದಳು. ದಾಟಿ ಹೋಗಬಹುದಿತ್ತು. ಮಾಸ್ತರನ್ನು ದಾಟಬಾರದೆಂದು ಹಿಂದೆ ಉಳಿಯುತ್ತಿದ್ದಳೆಂಬುದು ನನಗೆ ಬಹಳ ದಿನದ ಮೇಲೆ ತಿಳಿಯಿತು.

ಅವಳು ಹತ್ತನೆಯ ಇಯತ್ತೆಯಲ್ಲಿದ್ದಾಗ ಜಿಲ್ಲಾ ಮಟ್ಟದ ಒಂದು ಸೈಕಲ್ ಸ್ಪರ್ಧೆಗೆ ಕರೆದುಕೊಂಡು ಹೋದೆ. ಉಳಿದ ಹುಡುಗಿಯರಲ್ಲಿ ಕೆಲವರ ಬಳಿ ತೆಳು ಗಾಲಿಯ ಪಂದ್ಯದ ಸೈಕಲ್ಲುಗಳಿದ್ದುವು. ಇವಳದು ಅದೇ ಹಾಲಿನ ಕ್ಯಾನಿನ ಸೈಕಲ್ಲು. ಎರಡನೆಯವಳಾಗಿ ಬಂದಳು. ಅಲ್ಲಿಗೆ ಬಂದಿದ್ದ ತರಬೇತುದಾರರೊಬ್ಬರು, “ಈ ಹುಡುಗಿಯನ್ನು ಸೈಕ್ಲಿಂಗ್ ನಿಲಯದ ಆಯ್ಕೆಗೆ ಕಳುಹಿಸಿ, ಏರಿಗೆ ಹೇಳಿ ಮಾಡಿಸಿದ ಕಾಲು” ಎಂದರು. ಅರ್ಜಿಯ ಕಾಗದವನ್ನೂ ಕೊಟ್ಟರು.

ಮರುವಾರ ತಂದೆ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಕವಳದ ತಟ್ಟೆ ಮುಂದಿಟ್ಟೆ. ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕುಳಿತು, “ಎಂತ ಮಾಡವು ಮಾಸ್ತರೇ?” ಎಂದರು. ಅಷ್ಟೇ ಮಾತು. ಆ ಮನುಷ್ಯ ಮಗಳನ್ನು ಕಳುಹಿಸಲು ಮನಸ್ಸು ಮಾಡಿಕೊಂಡೇ ಬಂದಿದ್ದರು ಎಂದು ಈಗ ನನಗನಿಸುತ್ತದೆ. ಬೇಡವೆನ್ನುವವರು ಅಷ್ಟು ದೂರ ನಡೆದು ಕೇಳಲು ಬರುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಜೊತೆಗೊಂದು ಮಾತು. ನಾನು ಹೇಳಿದೆ: “ಬಯಲುಸೀಮೆ, ದೂರದ ಊರು, ಹುಡುಗಿ ಒಬ್ಬಳೇ. ಮೊದಲು ಪಿ.ಯು.ಸಿ. ಮುಗಿಸಲಿ, ಆಮೇಲೆ ನೋಡುವ.” ಮೂವತ್ತು ವರ್ಷ ಮಕ್ಕಳಿಗೆ ಓಡು ಓಡು ಎಂದು ಸೀಟಿ ಊದಿದವನು, ಓಡಬಲ್ಲ ಒಂದು ಮಗುವಿನ ವಿಷಯ ಬಂದಾಗ ಹಾಗೆಂದೆ. ಅವರು ತಲೆಯಾಡಿಸಿ, ಕವಳ ಹಾಕಿಕೊಂಡು, ಕೊಡೆ ಹಿಡಿದು ಹೊರಟರು. ಅರ್ಜಿಯ ಕಾಗದ ನಮ್ಮ ಮನೆಯ ಪಂಚಾಂಗದೊಳಗೆ ಉಳಿಯಿತು.

ಪಿ.ಯು.ಸಿ. ಮುಗಿಯಿತು. ಅಷ್ಟು ಹೊತ್ತಿಗೆ ನಿಲಯದ ವಯಸ್ಸು ಮುಗಿದಿತ್ತು. ಒಂದೆರಡು ವರ್ಷದಲ್ಲಿ ಮದುವೆಯಾಗಿ ಯಲ್ಲಾಪುರ ತಾಲೂಕಿನ ಮಂಚಿಕೇರಿಯ ಕಡೆಗೆ ಹೋದಳು. ಮದುವೆಗೆ ನಾನೂ ಹೋಗಿದ್ದೆ, ಉಡುಗೊರೆಯಾಗಿ ಒಂದು ಗೋಡೆ ಗಡಿಯಾರ ಕೊಟ್ಟೆ.

2022ರ ಫೆಬ್ರುವರಿಯಲ್ಲಿ ಟೆಲಿವಿಜನ್ನಿನಲ್ಲಿ ಬೀಜಿಂಗಿನ ಸ್ಕೀ ಓಟ ಬರುತ್ತಿತ್ತು. ಗೆದ್ದವರೆಲ್ಲ ಬಂದಾದ ಮೇಲೆ, ಬಹಳ ಹಿಂದೆ, ಹಳದಿ-ಹಸಿರು ಅಂಗಿಯ ಒಬ್ಬ ಹೆಂಗಸು ಏರನ್ನು ಹತ್ತುತ್ತಿದ್ದಳು. ವಯಸ್ಸು 46 ಎಂದರು. ಯಾರೆಂದು ತಿಳಿಯುವ ಕುತೂಹಲವಾಗಿ ಮೊಮ್ಮಗನಿಂದ ಹುಡುಕಿಸಿದೆ. ಮೊದಲ ಒಲಿಂಪಿಕ್ಸಿಗೆ ಹೋದಾಗ ಆಕೆಗೆ 28 ವರ್ಷವಾಗಿತ್ತೆಂದು ಅವನು ಓದಿದಾಗ ನನಗೆ ಹೊಳೆದದ್ದು ಬೇರೊಂದು ಲೆಕ್ಕ. ನಮ್ಮ ಹುಡುಗಿಗೂ ಆ ವರ್ಷ 28 ತುಂಬುತ್ತಿತ್ತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹೋಗಬೇಕು, ಹೋಗಬೇಕು ಎಂದು ಮೂರು ವರ್ಷ ಕಳೆದೆ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಮಂಚಿಕೇರಿಗೆ ಬಸ್ಸು ಹತ್ತಿದೆ. ಅಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದವಳು ನನ್ನನ್ನು ಕಂಡು ಓಡಿ ಬಂದು ಕಾಲಿಗೆ ನಮಸ್ಕರಿಸಿದಳು. ಆಸರಿಗೆ ಕೊಟ್ಟಳು. ನಾನು ಹಳೆಯ ಮಾತನ್ನು ತೆಗೆದೆ. ಅಂದು ತಪ್ಪು ಸಲಹೆ ಕೊಟ್ಟೆನೆಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಅರ್ಜಿಯ ವಿಷಯ ಅಪ್ಪಯ್ಯ ನನಗೆ ಹೇಳಲೇ ಇಲ್ಲ ಮಾಸ್ತರೇ” ಎಂದಳು. ಇಷ್ಟು ವರ್ಷ ಅವಳಿಗೆ ಗೊತ್ತಿದೆಯೆಂದೇ ನಾನು ತಿಳಿದಿದ್ದೆ. ಮುಂದೆ ನಾನು ಏನೂ ಹೇಳಲಾರದೆ ಹೋದೆ. ಅವಳೇ ಮಾತು ಬದಲಿಸಿ, ನಾನು ತಂದಿದ್ದ ಜಾಕೆಲಿನ್ನಳ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಷ್ಟು ಮಕ್ಕಳು ಎಂದು ಕೇಳಿದಳು. ಎರಡು ಎಂದೆ. ರೋಲರ್ ಸ್ಕೀಯ ಚಿತ್ರ ನೋಡಿ, “ಇದರ ಗಾಲಿ ನಮ್ಮ ರಸ್ತೆಯ ಜಲ್ಲಿಗೆ ತಡೆಯುತ್ತದೆಯೇ?” ಎಂದು ಕೇಳಿದಳು. ಸರಿಯಾದ ಪ್ರಶ್ನೆ. ತಡೆಯಲಾರದೆಂದು ಕಾಣುತ್ತದೆ.

ಅಷ್ಟರಲ್ಲಿ ಅವಳ ಮಗಳು ಶಾಲೆಯಿಂದ ಬಂದಳು. ಐದನೆಯ ಇಯತ್ತೆ. ಬಂದವಳೇ ಚೀಲ ಎಸೆದು, ಕೊಟ್ಟಿಗೆಯ ಹಿಂದಿನ ದರೆಯ ಮೇಲಿಂದ ಹಾಳೆಯ ಮೇಲೆ ಜಾರಲು ಹೋದಳು. ಕುಳಿತಲ್ಲ, ನಿಂತು! ಮೂರು ಸಲ ಬಿದ್ದಳು, ನಾಲ್ಕನೆಯ ಸಲ ಕೆಳಗಿನವರೆಗೆ ಬಂದಳು. ತಾಯಿ ಗದರಿಸಲಿಲ್ಲ. ಹಳೆಯ ಸೈಕಲ್ಲು ಅಟ್ಟದ ಮೇಲಿದೆ, ತವರಿನಿಂದ ತಂದಿಟ್ಟಿದ್ದೇನೆ, ಚೈನು ತುಕ್ಕು ಹಿಡಿದಿದೆ, ಟ್ಯೂಬು ಎರಡೂ ಹೋಗಿವೆ, ಉಳಿದದ್ದು ಸರಿಯಾಗಿದೆ ಎಂದಳು.

ಬರುವ ಭಾನುವಾರ ಮತ್ತೆ ಹೋಗುವವನಿದ್ದೇನೆ. ಶಿರಸಿಯ ಪೇಟೆಯಲ್ಲಿ ಚೈನು ಕೊಂಡಿದ್ದಾಯಿತು. ಟ್ಯೂಬಿನ ಅಳತೆ ಕೇಳಿಕೊಂಡು ಬರಲು ಮರೆತಿದ್ದೆ. ಅಂಗಡಿಯವನು ಎರಡು ಅಳತೆಯವನ್ನೂ ಕೊಟ್ಟು, ಆಗದ್ದನ್ನು ಮರಳಿ ತನ್ನಿ ಎಂದಿದ್ದಾನೆ.